ಅಡಿಕೆಗೆ ರೇಟು ಬಂದಾಗ ಕೈ ಬಿಗಿಹಿಡಿದ ಮನೆಗಳು

ಚನ್ನಗಿರಿಯಲ್ಲಿ ಇಬ್ಬರು ಎದುರಾದರೆ ಮಳೆ, ಮಕ್ಕಳು, ಆರೋಗ್ಯ ಎಲ್ಲಕ್ಕಿಂತ ಮೊದಲು ಬರುವ ಮಾತು, 'ಇವತ್ತು ರಾಶಿ ಎಷ್ಟಕ್ಕೆ ಹೋಯ್ತು?' ಅಡಿಕೆ ಬೆಳೆಗಾರರ ಸಹಕಾರ ಸಂಘ ತುಮ್ಕೋಸ್‌ನ ದರ ಹೊರಬಿದ್ದ ಸ್ವಲ್ಪ ಹೊತ್ತಿಗೆಲ್ಲ ಹೊನ್ನಾಳಿ, ನ್ಯಾಮತಿಯ ಮೊಬೈಲುಗಳಿಗೂ ಸುದ್ದಿ ತಲುಪಿರುತ್ತದೆ. 2021ರ ಸೆಪ್ಟೆಂಬರ್ ಹೊತ್ತಿಗೆ ಕ್ವಿಂಟಲ್ ರಾಶಿ ಅಡಿಕೆ 50 ಸಾವಿರ ರೂಪಾಯಿ ದಾಟಿತು. 2025ರಲ್ಲಿ 60 ಸಾವಿರವನ್ನೂ ಮೀರಿತು. ಈ ಏರಿಕೆ ನಮ್ಮ ಸೀಮೆಗೆ ಕೊಟ್ಟದ್ದು ಸಣ್ಣದಲ್ಲ. ಸೋರುತ್ತಿದ್ದ ಹೆಂಚಿನ ಮನೆಗಳಿಗೆ ಆರ್‌ಸಿಸಿ ಬಂತು, ಹಳೆಯ ಸಾಲಗಳು ತೀರಿದವು, ಹಳ್ಳಿಯ ಮಕ್ಕಳು ದಾವಣಗೆರೆಯ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳ ಮೆಟ್ಟಿಲು ಹತ್ತಿದರು. ಬೆವರು ಸುರಿಸಿದವರ ಕೈಗೆ ದುಡ್ಡು ಬಂದದ್ದಕ್ಕೆ ಸಂತೋಷಪಡಬೇಕು, ನಾನೂ ಪಟ್ಟಿದ್ದೇನೆ.

ಆದರೆ ದುಡ್ಡಿನ ಜೊತೆಗೇ ಊರಿನ ಅಳತೆಗೋಲೂ ಬದಲಾಯಿತು. ಮನೆ ಮುಂದೆ ಚಪ್ಪರ ಹಾಕಿ ಮಾಡುತ್ತಿದ್ದ ಮದುವೆ ಎ.ಸಿ. ಸಮುದಾಯ ಭವನಕ್ಕೆ ಹೋಯಿತು. ಮದುವೆಗೆ ಮುಂಚೆ ಪ್ರೀ ವೆಡ್ಡಿಂಗ್ ಶೂಟು, ಮದುವೆ ದಿನ ತಲೆಯ ಮೇಲೆ ಡ್ರೋನು. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಸರ್ಕಲ್‌ನಲ್ಲಿ ಫ್ಲೆಕ್ಸು, ಮಾರಿಹಬ್ಬಕ್ಕೆ ಬೀಗರು ನೆಂಟರ ಜೊತೆ ಫೇಸ್‌ಬುಕ್ ಗೆಳೆಯರಿಗೂ ಬಾಡೂಟ, ಪಿಯುಸಿ ಮುಗಿಸಿದ ಹುಡುಗನಿಗೆ ಎರಡು ಲಕ್ಷದ ಬೈಕು. ಹೀಗೆ ಖರ್ಚು ಮಾಡುವ ಗೆಳೆಯರ ನಡುವೆಯೇ, ಅದೇ ಬೀದಿಯಲ್ಲಿ, ಅಷ್ಟೇ ತೋಟ ಇಟ್ಟುಕೊಂಡು 'ನಮಗೆ ಇಷ್ಟು ಸಾಕು' ಎಂದು ಕುಳಿತ ಮನೆಗಳೂ ಇವೆ. ಅವುಗಳಿಗೆ ಊರು ಕೊಡುವ ಹೆಸರು ಜುಗ್ಗರ ಮನೆ. ಆ ಹೆಸರು ಅನ್ಯಾಯದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾಕೆ ಅನ್ಯಾಯ ಎಂದು ತಿಳಿಯಲು ಈ ನೆಲದ ಆದಾಯ ಹೇಗೆ ಬರುತ್ತದೆ ಎಂದು ನೋಡಬೇಕು. ಸಂಬಳದವರಿಗೆ ತಿಂಗಳು ತಿಂಗಳು ಬರುತ್ತದೆ. ತೋಟದವರಿಗೆ ವರ್ಷಕ್ಕೊಮ್ಮೆ ಬರುತ್ತದೆ, ಫಸಲನ್ನು ಗುತ್ತಿಗೆಯಾಗಿ ಖೇಣಿಗೆ ಕೊಟ್ಟರಂತೂ ಒಂದೇ ಏಟಿಗೆ ಕಟ್ಟುಕಟ್ಟಾಗಿ ಬರುತ್ತದೆ. ಎರಡೆಕರೆ ಫಸಲಿನ ತೋಟದ ಮನೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎಕರೆಗೆ ಎಂಟು ಕ್ವಿಂಟಲ್ ಒಣ ಅಡಿಕೆ ಎಂದರೆ 16 ಕ್ವಿಂಟಲ್. 55 ಸಾವಿರದ ದರದಲ್ಲಿ 8.80 ಲಕ್ಷ ರೂಪಾಯಿ. ಇದರಲ್ಲಿ ಕೊಯ್ಲು, ಸುಲಿತ, ಬೇಯಿಸುವ ಖರ್ಚು, ಗೊಬ್ಬರ, ತೋಟಕ್ಕೆ ಮಣ್ಣು ಹೊಡೆಸಿದ್ದು ಎಲ್ಲ ಹೋಗಬೇಕು. ಮುಂದಿನ ವರ್ಷ ಮಳೆ ಕೈಕೊಟ್ಟು ಫಸಲು ಅರ್ಧಕ್ಕೆ ಇಳಿಯಿತು, ದರವೂ 35 ಸಾವಿರಕ್ಕೆ ಬಂತು ಎನ್ನಿ. ಆಗ ಕೈಗೆ ಬರುವುದು 2.80 ಲಕ್ಷ. ಖರ್ಚು ಇಳಿಯುವುದಿಲ್ಲ, ನೀರು ಕೊಂಡು ಹಾಕಬೇಕಾದರೆ ಏರುತ್ತದೆ. ಮೊದಲ ವರ್ಷದ ಹಣ ನೋಡಿ ಕಾರಿಗೆ ಹಾಕಿಸಿಕೊಂಡ ಕಂತು ಮಾತ್ರ ಹಾಗೇ ಇರುತ್ತದೆ. 2014ರಲ್ಲಿ ದರ ಆಕಾಶಕ್ಕೇರಿ ಮುಂದಿನ ಒಂದೆರಡು ವರ್ಷಗಳಲ್ಲಿ ನೆಲ ಕಂಡದ್ದನ್ನು ಅನುಭವಿಸಿದವರು ಇನ್ನೂ ಊರಲ್ಲಿದ್ದಾರೆ. ಕೈ ಬಿಗಿಹಿಡಿದ ಮನೆಗಳಲ್ಲಿ ಬಹಳಷ್ಟು ಅವರವೇ.

ಹೊನ್ನಾಳಿ, ನ್ಯಾಮತಿಯ ಕಡೆ ಅಡಿಕೆಯ ಜೊತೆ ಭತ್ತ, ಮೆಕ್ಕೆಜೋಳವೂ ಇದೆ. ಅಲ್ಲಿನ ಕಥೆಯೂ ಇದೇ. ಭದ್ರಾ ನಾಲೆಯ ನೀರು ನಂಬಿದವರು ಬೇಸಿಗೆ ಬೆಳೆಗೆ ಜಲಾಶಯದ ಮಟ್ಟ ನೋಡುತ್ತಾ ಕೂರಬೇಕು. 2025–26ನೇ ಸಾಲಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಯಿತು. ಕಾಳು ಒಕ್ಕಣೆಯಾಗಿ ಮಾರುಕಟ್ಟೆಗೆ ಬಂದಾಗ ವ್ಯಾಪಾರಿಗಳು ಅದಕ್ಕಿಂತ ಬಹಳ ಕೆಳಗೆ ಕೇಳಿದರು, ರೈತರು ಬೀದಿಗಿಳಿಯಬೇಕಾಯಿತು. ಬರುವ ವರ್ಷ ಹೇಗೋ ಗೊತ್ತಿಲ್ಲದವನು ಈ ವರ್ಷ ಒಂದಿಷ್ಟು ಹಿಡಿದಿಟ್ಟುಕೊಂಡರೆ ಅದು ಜಿಪುಣತನವಲ್ಲ, ಬೇಸಾಯದ ಭಾಗ.

ಇದು ಎಷ್ಟು ನಿಜ ಎಂಬುದು 2024ರ ಬೇಸಿಗೆಯಲ್ಲಿ ಎದ್ದು ಕಂಡಿತು. ಹಿಂದಿನ ಸೆಪ್ಟೆಂಬರ್‌ನಲ್ಲೇ ಸರ್ಕಾರ ಬರ ಘೋಷಿಸಿತ್ತು. ಮಾರ್ಚ್, ಏಪ್ರಿಲ್ ಬರುವ ಹೊತ್ತಿಗೆ ಚನ್ನಗಿರಿ ತಾಲ್ಲೂಕಿನ ಬೋರ್‌ವೆಲ್‌ಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ತೋಟಗಳಿಗೆ ಟ್ಯಾಂಕರ್ ನೀರು ಹೊಡೆಸುವ ದೃಶ್ಯ ಆ ಬೇಸಿಗೆಯಲ್ಲಿ ಕಂಡವರಿಗೆ ಮರೆಯುವಂಥದ್ದಲ್ಲ. ಗರಿಗಳು ಜೋತುಬಿದ್ದ ಮರಗಳ ನಡುವೆ ಟ್ಯಾಂಕರ್ ಹಿಮ್ಮುಖವಾಗಿ ಬದುವಿನವರೆಗೆ ಬರುತ್ತದೆ. ದಪ್ಪ ಪೈಪು ಟಾರ್ಪಾಲು ಹಾಸಿದ ಗುಂಡಿಗೆ ಬೀಳುತ್ತದೆ. ಅಲ್ಲಿಂದ ಸಣ್ಣ ಮೋಟಾರು ಹಚ್ಚಿ ಡ್ರಿಪ್ಪಿಗೆ ಬಿಡುತ್ತಾರೆ. ಗುಂಡಿ ತುಂಬಿ ತಳ ಕಾಣುವಷ್ಟರಲ್ಲಿ ಇನ್ನೊಂದು ಲೋಡಿಗೆ ಫೋನು. ಮನೆಯ ಹೆಂಗಸರು ಬದುವಿನ ಮೇಲೆ ನಿಂತು ಯಾವ ಸಾಲಿಗೆ ಹೋಯಿತು, ಯಾವ ಸಾಲು ಬಿಟ್ಟಿತು ಎಂದು ನೋಡುತ್ತಿರುತ್ತಾರೆ. ಇಪ್ಪತ್ತು ವರ್ಷದ ಮರ ಒಂದು ಬೇಸಿಗೆಗೆ ಹೋದರೆ ಮತ್ತೆ ಸಸಿ ಇಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಕೈಯಲ್ಲಿ ಹಣ ಇದ್ದವರು ತೋಟ ಉಳಿಸಿಕೊಂಡರು. ಗೃಹಪ್ರವೇಶದಲ್ಲಿ ಹಣ ಕರಗಿಸಿದ್ದವರು ಹೆಂಡತಿಯ ಸರ ಹಿಡಿದು ಬ್ಯಾಂಕಿಗೆ ಹೋದರು.

ಬ್ಯಾಂಕಿನ ಮಾತು ಬಂದಾಗ ನ್ಯಾಮತಿಯ ಆ ಘಟನೆ ನೆನಪಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಎಸ್‌ಬಿಐ ಶಾಖೆಯ ಕಿಟಕಿ ಸರಳು ಕತ್ತರಿಸಿ ಕಳ್ಳರು ದೋಚಿದ ಚಿನ್ನ 17 ಕಿಲೋಗೂ ಹೆಚ್ಚು. ಮರುವರ್ಷ ದಾವಣಗೆರೆ ಪೊಲೀಸರು ಅದನ್ನು ತಮಿಳುನಾಡಿನ ಮದುರೆ ಜಿಲ್ಲೆಯ ಬಾವಿಯೊಂದರಿಂದ ಎತ್ತಿಸಿ ತಂದರು. ಊರೆಲ್ಲ ಕಳ್ಳರ ಜಾಣತನ, ಪೊಲೀಸರ ಸಾಹಸ ಮಾತಾಡಿತು. ನನ್ನನ್ನು ಕಾಡಿದ್ದು ಬೇರೆ. 2017ರ ನಂತರ ಹೊಸ ತಾಲ್ಲೂಕಾದ ಒಂದು ಸಣ್ಣ ಊರು, ಅದರ ಒಂದೇ ಶಾಖೆ, ಅದರಲ್ಲಿ ಅಷ್ಟೊಂದು ಚಿನ್ನ. ಅದು ಶ್ರೀಮಂತರ ಲಾಕರಿನ ಸೊತ್ತಲ್ಲ, ಸುತ್ತಲಿನ ಹಳ್ಳಿ, ತಾಂಡಾಗಳ ಮನೆಗಳು ಸಾಲಕ್ಕೆ ಅಡವಿಟ್ಟ ತಾಳಿಸರ, ಬಳೆ, ಜುಮುಕಿ. ಬಿತ್ತನೆಗೆ ಇಟ್ಟವರಿರುತ್ತಾರೆ, ಆಸ್ಪತ್ರೆಗೆ ಇಟ್ಟವರಿರುತ್ತಾರೆ. ಅವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಒಂದು ಮದುವೆಯಲ್ಲಿ ಮೆರೆದ ಒಡವೆ ಆ ಮದುವೆಯ ಸಾಲಕ್ಕೇ ಬ್ಯಾಂಕು ಸೇರುವುದನ್ನೂ ನಾವು ಕಂಡಿದ್ದೇವೆ.

ಗೆಳೆಯರ ಖರ್ಚು ನಮ್ಮ ಖರ್ಚನ್ನು ಎಳೆಯುತ್ತದೆ ಎಂಬುದು ನಮ್ಮೂರಿನ ದೌರ್ಬಲ್ಯ ಮಾತ್ರವಲ್ಲ. ನೆದರ್‌ಲೆಂಡ್ಸ್‌ನಲ್ಲಿ ಅಂಚೆ ಪಿನ್‌ಕೋಡ್ ಆಧಾರದ ಲಾಟರಿಯೊಂದಿದೆ. ಅದರಲ್ಲಿ ಗೆದ್ದವರ ಪಕ್ಕದ ಮನೆಯವರು, ತಮಗೆ ಏನೂ ಬರದಿದ್ದರೂ, ಹೊಸ ಕಾರು ಕೊಳ್ಳುವುದು ಹೆಚ್ಚಾಯಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೆನಡಾದಲ್ಲಿ ನಡೆದ ಇನ್ನೊಂದು ಅಧ್ಯಯನ ಮತ್ತೂ ಗಂಭೀರವಾದದ್ದು: ಲಾಟರಿ ಹಣ ದೊಡ್ಡದಾದಷ್ಟೂ ಗೆದ್ದವರ ನೆರೆಹೊರೆಯಲ್ಲಿ ದಿವಾಳಿಯಾಗುವವರು ಹೆಚ್ಚಿದರು. ಪಕ್ಕದ ತೋಟಕ್ಕೆ ಬೋರ್‌ವೆಲ್‌ನಲ್ಲಿ ಮೂರಿಂಚು ನೀರು ಬಿದ್ದು, ನಮ್ಮ ತೋಟಕ್ಕೆ ಬೀಳದಿದ್ದಾಗ ಆಗುವುದೂ ಇದೇ. ನೀರು ಅವರದು, ಸಾಲ ನಮ್ಮದು.

ಇಲ್ಲಿ ಇನ್ನೊಂದು ಸಂಗತಿಯಿದೆ, ಅದು ಆ ದೇಶಗಳ ಲೆಕ್ಕಕ್ಕೆ ಸಿಗುವಂಥದ್ದಲ್ಲ: ಮುಯ್ಯಿ. ಯಾವ ಮನೆಯ ಬೀರು ತೆಗೆದರೂ ಸಿಗುವ ಮುಯ್ಯಿ ಪುಸ್ತಕವನ್ನು ಒಮ್ಮೆ ಬಿಡಿಸಿ ನೋಡಿ. ಇನ್ನೂರು ಪುಟದ ಲಾಂಗ್ ನೋಟ್‌ಬುಕ್ಕು, ರಟ್ಟಿನ ನಾಲ್ಕು ಮೂಲೆಗೆ ಅರಿಶಿನ, ಮೊದಲ ಪುಟದಲ್ಲಿ ಮನೆದೇವರ ಹೆಸರು, ಕೆಳಗೆ ವಧೂವರರ ಹೆಸರು, ಲಗ್ನದ ತಾರೀಕು. ಒಳಗೆ ಗೀಟು ಹೊಡೆದ ಮೂರು ಕಾಲಂ: ಊರು, ಹೆಸರು, ಓದಿಸಿದ್ದು. ಹಳೆಯ ಪುಸ್ತಕಗಳಲ್ಲಿ 5, 11, 21. ಅಲ್ಲಲ್ಲಿ 'ಸ್ಟೀಲ್ ಕೊಡಪಾನ', 'ಸೀರೆ ಕಣ', 'ಅಕ್ಕಿ ಒಂದು ಚೀಲ'. ಬರೆಯಲು ಕೂತವನ ಅಕ್ಷರ ಊಟದ ಹೊತ್ತಿಗೆ ಸೊಟ್ಟಗಾಗಿರುತ್ತದೆ. ಹೊಸ ಪುಸ್ತಕಗಳಲ್ಲಿ 1,001, 5,001, ಉಂಗುರ, ಫ್ರಿಜ್ಜು. ಓದಿಸಿದ್ದು ವಾಪಸು ಓದಿಸಲೇಬೇಕು. ಬಂದದ್ದಕ್ಕಿಂತ ಒಂದು ಕೈ ಹೆಚ್ಚಿಗೆ ಓದಿಸುವುದು ಮರ್ಯಾದೆ.

ಮುಯ್ಯಿ ಹುಟ್ಟಿದ್ದು ಒಳ್ಳೆಯದಕ್ಕೆ. ಮದುವೆಯ ಭಾರ ಒಂದೇ ಮನೆಯ ಮೇಲೆ ಬೀಳದಿರಲಿ ಎಂದು ಊರು ಹೆಗಲು ಕೊಟ್ಟ ಏರ್ಪಾಡು ಅದು. ಮುಯ್ಯಾಳು ಎಂಬುದೂ ಹಾಗೆಯೇ: ಇವತ್ತು ನಿನ್ನ ಗದ್ದೆ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಆದರೆ ಗೆಳೆಯರ ಗುಂಪಿನಲ್ಲಿ ಒಬ್ಬ ಮೊತ್ತ ಏರಿಸಿದರೆ ಉಳಿದ ಹತ್ತು ಮನೆಗಳ ಬಜೆಟ್ಟೂ ಏರುತ್ತದೆ. ಅವನು ಪ್ರೀತಿಯಿಂದಲೇ ಏರಿಸಿರುತ್ತಾನೆ. ಅದನ್ನು ಹೊರುವ ಶಕ್ತಿ ಎಲ್ಲರಿಗೂ ಇದೆಯೇ ಎಂದು ಯೋಚಿಸಿರುವುದಿಲ್ಲ, ಅಷ್ಟೆ.

ಈ ಭಾರ ಅತಿ ಹೆಚ್ಚು ಬೀಳುವುದು ಜಗಳೂರಿನ ಮನೆಗಳ ಮೇಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು ಬಂತು. ನಾಲೆ, ತೋಟದ ಸೀಮೆಯೂ ಬೆದ್ದಲು ಸೀಮೆಯೂ ಒಂದೇ ಜಿಲ್ಲೆಯೊಳಗೆ ಕೂಡಿದವು. ಕಚೇರಿ, ಕಾಲೇಜು, ಆಸ್ಪತ್ರೆ ಎಲ್ಲಕ್ಕೂ ದಾವಣಗೆರೆಯೇ ಆದ ಮೇಲೆ ಗೆಳೆತನ, ಬೀಗತನಗಳೂ ಬೆಳೆದವು. ತೋಟದ ಮನೆಯ ಗಂಡಿಗೆ ಜಗಳೂರು ಕಡೆಯ ಹೆಣ್ಣು ತಂದಾಗ, 'ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ' ಎನ್ನುತ್ತಾರೆ. ಆ 'ಚೆನ್ನಾಗಿ' ಎಂಬುದರ ಅಳತೆ ಚನ್ನಗಿರಿಯದು, ಅದನ್ನು ಭರಿಸಬೇಕಾದ್ದು ಶೇಂಗಾ, ಈರುಳ್ಳಿ, ಮೆಕ್ಕೆಜೋಳಕ್ಕೆ ಆಕಾಶ ನೋಡುವ ಹೊಲ. 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಯಿಂದ ಅಲ್ಲೀಗ ಆಸೆ ಚಿಗುರಿದೆ ನಿಜ. ಆದರೆ ಕೆರೆಗೆ ನೀರು ಬಂದ ಕೂಡಲೇ ಮನೆಗೆ ದುಡ್ಡು ಬರುವುದಿಲ್ಲ. ತೋಟದ ಬೀಗರೇ ಮೊದಲು ಮಾತು ಎತ್ತಿ, 'ಸರಳವಾಗಿ ಮಾಡೋಣ, ಖರ್ಚು ಅರ್ಧರ್ಧ' ಎನ್ನಬೇಕು. ಉಳ್ಳವರು ಹೇಳಿದರೆ ಅದು ದೊಡ್ಡತನವಾಗುತ್ತದೆ, ಇಲ್ಲದವರು ಹೇಳಿದರೆ ಊರಿಗೆ ಬಡತನವಾಗಿ ಕೇಳುತ್ತದೆ. ಹಾಗಾಗಿ ಮೊದಲ ಮಾತಿನ ಹೊಣೆ ಉಳ್ಳವರದೇ.

ಸರಳವಾಗಿ ಬದುಕುವುದಕ್ಕೆ ನಮ್ಮಲ್ಲಿ ಹಿರಿಯರ ಮೇಲ್ಪಂಕ್ತಿಗೆ ಕೊರತೆಯಿಲ್ಲ. ಪಕ್ಕದ ತೀರ್ಥಹಳ್ಳಿಯ ಕುವೆಂಪು ಮಂತ್ರ ಮಾಂಗಲ್ಯವೆಂಬ ಸರಳ ಮದುವೆಯ ಪದ್ಧತಿಯನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನೇ ಹಾಗೆ ಮಾಡಿದರು. 1980ರ ನಂತರ ರೈತ ಸಂಘ ಸರಳ ಮದುವೆಯನ್ನು ಚಳವಳಿಯ ಕೆಲಸವೆಂದೇ ತಿಳಿಯಿತು; ಹಸಿರು ಶಾಲು ಹೊದ್ದ ಕಾರ್ಯಕರ್ತರು ತಮ್ಮ ಮನೆಗಳಲ್ಲೇ ಅದನ್ನು ಮಾಡಿ ತೋರಿಸಿದರು. ಧರ್ಮಸ್ಥಳದ ಸಾಮೂಹಿಕ ವಿವಾಹ 1972ರಿಂದ ನಡೆದುಬಂದಿದೆ. ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ವಚನಗಳ ಮೂಲಕ ಕಲ್ಯಾಣ ಮಹೋತ್ಸವ ನಡೆಸಿಕೊಡುತ್ತಾರೆ.

ಆದರೆ ಈ ಎಲ್ಲದಕ್ಕಿಂತ ನನಗೆ ಹತ್ತಿರವಾದದ್ದು ಹನ್ನೆರಡನೇ ಶತಮಾನದ ಗಂಡ ಹೆಂಡತಿಯ ಒಂದು ಪ್ರಸಂಗ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಇದು ನಮ್ಮ ಕಾಯಕಕ್ಕೆ ಬೇಕಾದುದಕ್ಕಿಂತ ಹೆಚ್ಚು, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ. ಅವರ ಸುತ್ತ ಇದ್ದದ್ದು ಕಲ್ಯಾಣದಂಥ ವೈಭವದ ರಾಜಧಾನಿ. ಅಂಥ ಊರಿನ ನಡುವೆ 'ಸಾಕು' ಎಂಬ ಮಾತು ಆ ಮನೆಯ ಒಳಗೆ, ಅಡುಗೆ ಮಾಡುವವಳ ಬಾಯಿಂದ ಬಂತು, ಗಂಡ ಒಪ್ಪಿ ನಡೆದ. ಆ ಮನೆ ಬಡವಾಗಲಿಲ್ಲ, ದಾಸೋಹವೂ ನಿಲ್ಲಲಿಲ್ಲ.

ನಮ್ಮ ಕಾಲದ ಮನೆಗಳಲ್ಲಿ ಮಿತವ್ಯಯ ಸೋಲುವುದು ಇಲ್ಲೇ. ಗಂಡ ಗೆಳೆಯರ ಗುಂಪಿನಲ್ಲಿ 'ಆಯ್ತು ಬಿಡ್ರೋ, ನಾನೂ ಬರ್ತೀನಿ' ಎಂದು ಗೋವಾ ಟ್ರಿಪ್ಪಿಗೆ ಒಪ್ಪಿಬಿಡುತ್ತಾನೆ. ಹೆಂಡತಿ ತಂಗಿಯ ಮನೆಯ ಸೀಮಂತಕ್ಕೆ ಕಂತಿನ ಸೀರೆ ತರುತ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಹೇಳುವುದಿಲ್ಲ. ಎಂದಾದರೂ ಕೈ ಬಿಗಿಹಿಡಿದರೆ, ಹೊರಗೆ ಯಾರಾದರೂ ಕೇಳಿದಾಗ ಖರ್ಚು ಮಾಡದ್ದಕ್ಕೆ ಒಂದು ಸುಳ್ಳು ಕಾರಣ: ಹುಷಾರಿಲ್ಲ, ಕೆಲಸವಿದೆ, ಮಗನ ಪರೀಕ್ಷೆ. ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತವೆ. ಅಪ್ಪ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದರೆ ದುಡ್ಡು ಖರ್ಚು ಮಾಡದಿರುವುದು ನಾಚಿಕೆಯ ಕೆಲಸವೇ ಇರಬೇಕು ಎಂದು ಅವು ಕಲಿಯುತ್ತವೆ. ಮುಚ್ಚಿಟ್ಟ ಮಿತವ್ಯಯ ಹೀಗೆ ಅವಮಾನವಾಗಿ ಬೆಳೆಯುತ್ತದೆ. ಬಾಯಿಬಿಟ್ಟು ಹೇಳಿದ್ದು ಹಾಗಾಗುವುದಿಲ್ಲ.

ನನಗೆ ಬಳಕೆಯಿರುವ, ಹೊನ್ನಾಳಿ ಕಡೆಯ ಒಂದು ಮನೆಯಲ್ಲಿ ಕೇಳಿದ ಮಾತು ಇದು. ಗೆಳೆಯನೊಬ್ಬ ತನ್ನ ಮಗಳ ಹುಟ್ಟುಹಬ್ಬಕ್ಕೆ ಕರೆಯಲು ಬಂದಿದ್ದ. ಮನೆಯಾತ ನೇರವಾಗಿ ಹೇಳಿದ: 'ಬರ್ತೀವಣ್ಣ, ಎಲ್ಲರೂ ಬರ್ತೀವಿ. ಈ ವರ್ಷ ಮಗಳ ಕಾಲೇಜಿಗೆ ಕಟ್ಟಬೇಕು, ಉಡುಗೊರೆ ಗಿಡುಗೊರೆ ನಮ್ಮ ಕೈಲಾಗಲ್ಲ. ಹಿಂದಿನ ದಿನಾನೇ ಬಂದು ಅಡುಗೆ ಕೆಲಸಕ್ಕೆ ನಿಲ್ತೀವಿ.' ಬಂದವನ ಮುಖ ಒಂದು ಕ್ಷಣ ಸಣ್ಣಗಾಯಿತು. ಆಮೇಲೆ ಅವನೇ ಕುರ್ಚಿ ಎಳೆದು ಕೂತು ತನ್ನ ಕಾರಿನ ಕಂತು ಮೂರು ತಿಂಗಳು ತಪ್ಪಿದ್ದನ್ನು ಹೇಳಿಕೊಂಡ. ಅಲ್ಲಿವರೆಗೆ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಒಬ್ಬ ನಿಜ ಹೇಳಿದರೆ ಗುಂಪಿನಲ್ಲಿ ಇನ್ನೊಬ್ಬನಿಗೂ ಉಸಿರಾಡಲು ಜಾಗ ಸಿಗುತ್ತದೆ. ಖರ್ಚು ಮಾಡುವ ಗೆಳೆಯರೆಲ್ಲ ನೆಮ್ಮದಿಯಾಗಿದ್ದಾರೆ ಎಂಬುದು ನಾವು ಹೊರಗೆ ನಿಂತು ಕಟ್ಟಿಕೊಂಡ ಕಲ್ಪನೆ. ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ: 2022–23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ 5ರ ಆಸುಪಾಸಿಗೆ ಕುಸಿದು ದಶಕಗಳಲ್ಲೇ ಕಡಿಮೆ ಮಟ್ಟ ಮುಟ್ಟಿತ್ತು, ಮನೆಗಳ ಸಾಲ ಏರಿತ್ತು.

ಒಂದು ಎಚ್ಚರಿಕೆಯನ್ನು ಕಟುವಾಗಿಯೇ ಹೇಳಬೇಕು. ಕೈ ಬಿಗಿಹಿಡಿಯುವ ಹೆಸರಿನಲ್ಲಿ ಸುಲಿಯಲು ಬಂದ ಹೆಣ್ಣಾಳಿನ ಕೂಲಿಯಲ್ಲಿ ಹತ್ತು ರೂಪಾಯಿ ಹಿಡಿಯುವವರು, ಜಗಳೂರಿನ ಹಳ್ಳಿಯಿಂದಲೋ ತಾಂಡಾದಿಂದಲೋ ಗುಳೆ ಬಂದವರಿಗೆ ಕೊಡುವ ಮುಂಗಡದಲ್ಲಿ ಚೌಕಾಸಿ ಮಾಡುವವರು, ವಯಸ್ಸಾದ ತಂದೆ ತಾಯಿಯ ಮಾತ್ರೆ ಮುಂದೂಡುವವರು ಇದ್ದಾರೆ. ಅದಕ್ಕೆ ಜುಗ್ಗತನ ಎಂಬ ಹೆಸರು ಸರಿಯಾಗಿಯೇ ಇದೆ. ಮಿತವ್ಯಯದ ಕತ್ತರಿ ನಮ್ಮ ಮೆರವಣಿಗೆಯ ಮೇಲೆ ಆಡಬೇಕು, ಇನ್ನೊಬ್ಬರ ಅನ್ನದ ಮೇಲಲ್ಲ. ಗೆಳೆಯನ ಮನೆಯಲ್ಲಿ ಸಾವಾದರೆ, ಆಸ್ಪತ್ರೆ ಬಿಲ್ಲು ಬಂದರೆ ಮೊದಲು ಹಣ ಹಿಡಿದು ಹೋಗಬಲ್ಲವನು ಹುಟ್ಟುಹಬ್ಬಕ್ಕೆ ಉಂಗುರ ಕೊಡದ ಗೆಳೆಯನೇ. ಆ ದಿನ ಅವನ ಕೈಯಲ್ಲಿ ಹಣ ಇರುತ್ತದೆ.

ಮಕ್ಕಳ ವಿಷಯದಲ್ಲಿ ನಾನು ಕಂಡ ಒಳ್ಳೆಯ ಮನೆಗಳು ಒಂದು ಕೆಲಸ ಮಾಡುತ್ತವೆ. ಅಡಿಕೆ ಮಾರಿದ ಚೀಟಿಯನ್ನು ಮಕ್ಕಳ ಮುಂದೆಯೇ ಬಿಚ್ಚುತ್ತವೆ. ಎಷ್ಟು ಬಂತು, ಸೊಸೈಟಿ ಸಾಲಕ್ಕೆ ಎಷ್ಟು ಹೋಯಿತು, ಕೂಲಿಗೆ ಎಷ್ಟು, ಬರುವ ಬೇಸಿಗೆಗೆ ಎಂದು ಎತ್ತಿಟ್ಟದ್ದು ಎಷ್ಟು. ಎಂಟನೇ ಕ್ಲಾಸಿನ ಹುಡುಗಿಗೆ ಕೂಡಿ ಕಳೆಯುವುದು ಬರುತ್ತದೆ. 'ಅವರ ಮನೇಲಿ ಕಾರಿದೆ, ನಮ್ಮನೇಲಿ ಯಾಕಿಲ್ಲ?' ಎಂಬ ಪ್ರಶ್ನೆಗೆ ಉಪದೇಶ ಕೊಟ್ಟರೆ ಅವಳು ಮುಖ ತಿರುಗಿಸುತ್ತಾಳೆ, ಲೆಕ್ಕ ಕೊಟ್ಟರೆ ಕೂತು ನೋಡುತ್ತಾಳೆ. ಗೆಳೆಯರನ್ನು ಮನೆಗೆ ಕರೆಯುವುದನ್ನೂ ಈ ಮನೆಗಳು ಬಿಟ್ಟಿಲ್ಲ. ದೊಡ್ಡ ಸ್ಟೀಲ್ ಬೋಗುಣಿಯಲ್ಲಿ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ, ಮೇಲೆ ಒಂದೊಂದು ಲೋಟ ಚಹಾ. ಈ ಜಿಲ್ಲೆಯಲ್ಲಿ ಅದಕ್ಕೆ ಬೇಡ ಎಂದವರನ್ನು ನಾನು ನೋಡಿಲ್ಲ. ಮೂರು ಕಾರಿನಲ್ಲಿ ರೆಸಾರ್ಟಿಗೆ ಹೋಗಿ ಮಾತಾಡಬೇಕಾದ್ದನ್ನು ಜಗುಲಿಯ ಮೇಲೆ ಕೂತೇ ಮಾತಾಡಬಹುದು. ಕರೆಯುವುದನ್ನೇ ನಿಲ್ಲಿಸಿದರೆ ಮಾತ್ರ ಗೆಳೆತನ ಒಣಗುತ್ತದೆ.

ಒಬ್ಬೊಬ್ಬರಾಗಿ ಇದನ್ನು ಮಾಡುವುದು ಕಷ್ಟ, ನಾಲ್ಕಾರು ಮನೆ ಸೇರಿದರೆ ಸುಲಭ. ಸ್ವಸಹಾಯ ಸಂಘದ ಹೆಂಗಸರು ವಾರಕ್ಕೊಮ್ಮೆ ಕೂತು ಉಳಿತಾಯ ಕಟ್ಟುವುದನ್ನು ನಮ್ಮೂರುಗಳು ಎಂದೋ ಕಲಿತಿವೆ. ಅದೇ ಹೆಂಗಸರು ತಮ್ಮೊಳಗೆ ಮುಯ್ಯಿಗೆ ಒಂದು ಮಿತಿ ಹಾಕಿಕೊಂಡರೆ, ಅದಕ್ಕಿಂತ ಹೆಚ್ಚು ಓದಿಸಿದವರದನ್ನು ನಗುತ್ತಲೇ ವಾಪಸು ಕೊಟ್ಟರೆ, ಒಂದು ಓಣಿಯ ಹತ್ತು ಮನೆಗಳ ಸಾಲ ನಿಲ್ಲುತ್ತದೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ಮುಟ್ಟಿದ ಮೇಲೆ ಉಂಗುರ ಓದಿಸುವ ಪದ್ಧತಿಯನ್ನಾದರೂ ಬಿಡಲೇಬೇಕು.

ಈ ಸಲದ ಲಗ್ನಗಳಿಗೆ ಸಮುದಾಯ ಭವನಕ್ಕೆ ಮುಂಗಡ ಕೊಡುವ ಮೊದಲು ಗಂಡ ಹೆಂಡತಿ ಇಬ್ಬರೂ ಒಂದು ಸಂಜೆ ಕೂತು, ಮಕ್ಕಳನ್ನೂ ಕೂರಿಸಿಕೊಂಡು, ಮನೆಯ ಮೊತ್ತ ಇಷ್ಟು ಎಂದು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಅದನ್ನು ನಿಮ್ಮ ಅತಿ ಹತ್ತಿರದ, ಅತಿ ಹೆಚ್ಚು ಖರ್ಚು ಮಾಡುವ ಗೆಳೆಯನಿಗೇ ಮೊದಲು ಹೇಳಿ. ಚನ್ನಗಿರಿಯಲ್ಲಿ ತೋಟ ಇರುವವರು, ಜಗಳೂರಿನ ಬೀಗರ ಮನೆಗೆ ಹೋದಾಗ ಅವರು ಕೇಳುವ ಮೊದಲೇ ಹೇಳಿ.